ಲಂಗದ ಅಂಚು

ಕಾರ್ಸ್ ಊರಿನ ಆಸ್ಪತ್ರೆ, ಮೇಲ್ಮಹಡಿ,
ಮಾರ್ಚ್ ಬಂದರೂ ಕಿಟಕಿಯಾಚೆ ಕರಗದ ಹಿಮ.
ಹನ್ನೊಂದು ಮಂದಿ ಸೂಲಗಿತ್ತಿಯರು, ಹದಿನಾರು ದಾದಿಯರು,
ಎದುರಿಗೆ ಇಪ್ಪತ್ತು ಪ್ರಶ್ನೆಗಳ ಹಾಳೆ.
ಮೂಳೆ ಸವೆತದ ಬಗ್ಗೆ ನಿಮಗೆಷ್ಟು ಗೊತ್ತು?
ಸರಿ, ತಪ್ಪು, ತಿಳಿಯದು. ಒಂದಕ್ಕೆ ಗುರುತು ಹಾಕಿ.

ದಿನಕ್ಕೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಎಂಬಲ್ಲಿ
ನನ್ನ ಪೆನ್ನು ನಿಂತಿತು.
ಪಕ್ಕದಲ್ಲಿ ಇಲ್‌ಕ್ನೂರ್, ಹೋದ ವರ್ಷ ಓದು ಮುಗಿಸಿದವಳು,
ಸರಸರ ಬರೆಯುತ್ತಿದ್ದಳು.

ನನಗೆ ಗೊತ್ತಿದ್ದದ್ದು ಸಾಕಿನೆ.
ಏಳು ಹೆತ್ತವಳು, ಐದಕ್ಕೆ ನನ್ನ ಕೈ.
ಆಗೆಲ್ಲ ಬಾಗಿಲ ತೊಲೆ ತಲೆಗೆ ತಾಗೀತೆಂದು ಬಗ್ಗಿ ಬರುತ್ತಿದ್ದಳು.
ಈಗ ಅದೇ ಬಾಗಿಲಲ್ಲಿ ನೆಟ್ಟಗೆ ಬರುತ್ತಾಳೆ,
ನೆಟ್ಟಗೆ ಎಂದರೆ
ಅವಳಿಗೆ ಉಳಿದಷ್ಟು ನೆಟ್ಟಗೆ.
"ಒಗೆದರೆ ಬಟ್ಟೆ ಕುಗ್ಗಬೇಕು, ಎಬೆ ಹಾನಿಮ್,
ಈ ಲಂಗ ನೋಡಿ, ಬೆಳೆಯುತ್ತಿದೆ!"
ಅಂಚು ಮಡಿಸಿ ಹೊಲಿದ ಗೆರೆ ಎಣಿಸಿದ್ದೇನೆ, ನಾಲ್ಕು.

ಪರದೆಯ ಮೇಲೆ ಡಾಕ್ಟರು ಮೂಳೆಯ ಒಳಗು ತೋರಿಸಿದರು.
ತೂತು, ತೂತು.
"ನಮ್ಮೂರ ಚೀಸು!" ಎಂದಳು ಹಿಂದಿನ ಸಾಲಿನ ಯಾರೋ,
ಎಲ್ಲರೂ ನಕ್ಕೆವು.
ಸಾಕಿನೆಯ ಮನೆಯ ಹಾಲು ನಸುಕಿಗೇ ಡೇರಿ ಲಾರಿ ಹತ್ತುತ್ತದೆ.
ಕ್ಯಾನು ತೊಳೆದ ನೀರು ಕರುವಿಗೆ,
ಅವಳಿಗೆ ಕಪ್ಪು ಚಹಾ, ಲೋಟದ ಮೇಲೆ ಲೋಟ.
ಹಾಲು ಕುಡಿ, ಹಾಲು ಕುಡಿ, ಎನ್ನುತ್ತಲೇ ಬಂದೆ.
ಎಲುಬಿಲ್ಲದ ನಾಲಗೆ, ಅದಕ್ಕೇನು.

ಜನವರಿಯಲ್ಲಿ ಅವಳ ಸೊಸೆಗೆ ಹೆರಿಗೆ.
ಒರೆಸಿ, ಸುತ್ತಿ, ಅಜ್ಜಿಯ ಕೈಗಿಟ್ಟೆ.
ಮೂರು ಕಿಲೋ ನೂರು ಗ್ರಾಂ.
ಅವಳು ಎತ್ತಿಕೊಂಡಳು, ಚಟ್ಟೆಂದಿತು
ಬೆನ್ನ ನಡುವೆಲ್ಲೋ.
ಮಗುವನ್ನು ಬಿಡಲಿಲ್ಲ.
ತುಟಿ ಬಿಳುಚಿ, "ಒಲೆಯಲ್ಲಿ ಕಟ್ಟಿಗೆ" ಎಂದಳು.

ಒಲೆಯಲ್ಲಿ ಉರಿಯುತ್ತಿದ್ದದ್ದು ಬೆರಣಿ.
ಬೆರಣಿ ಸದ್ದು ಮಾಡುವುದಿಲ್ಲ.

ಹದಿನಾಲ್ಕನೆಯ ಪ್ರಶ್ನೆ:
ಮುರಿಯುವ ತನಕ ಈ ಕಾಯಿಲೆಗೆ ನೋವಿಲ್ಲ.
ಸರಿ ಎಂದು ಗುರುತು ಹಾಕಿದೆ,
ಹಾಳೆ ಹರಿಯುವಷ್ಟು ಒತ್ತಿ.

ನನಗೆ ಹನ್ನೆರಡು. ಇಲ್‌ಕ್ನೂರ್‌ಗೆ ಹತ್ತೊಂಬತ್ತು.
ಮೆಟ್ಟಿಲಿಳಿಯುವಾಗ ಹಿಮದ ಜಾರಿಗೆ ನನ್ನ ತೋಳು ಹಿಡಿದಳು.
"ಅಬ್ಲಾ, ಕೋಟು ನೆಲ ಗುಡಿಸುತ್ತಿದೆಯಲ್ಲ,
ಅಳತೆ ತಪ್ಪಿ ತಂದಿರಾ? ಹೊಸದೇ?"

ಹಳೆಯದು, ಎಂದೆ.