ಓದಿಲ್ಲಮ್ಮನ ಸರದಿ

ಹೆಸರು ಓದಿಲ್ ಅಂದಳು, ಬಂದ ಮೊದಲ ದಿನ.
ನಮಗೆ ಕೇಳಿಸಿದ್ದು ಓದಿಲ್ಲ.
‘ಬುಡವ್ವ, ಅದಕ್ಯಾಕೆ ನಾಚ್ಕೆ, ನಾನೂವೆ ಓದಿಲ್ಲ’
ಅಂದಳು ನನ್ನ ಹೆಂಡತಿ ನಿಂಗಾಜಿ,
ಎರಡು ಅಚ್ಚು ಬೆಲ್ಲ ಕೈಗಿಟ್ಟು.
ಅವತ್ತಿಂದ ಕಾಳೇನಕೊಪ್ಪಲಿಗೆಲ್ಲ ಅವಳು ಓದಿಲ್ಲಮ್ಮ.
ಮನೆ ತುಂಬ ಪುಸ್ತಕ.

ನಾನು ನೀರುಗಂಟಿ.
ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನೋ ಲೆಕ್ಕ
ನನ್ನ ಸನಿಕೆ ತುದಿಯಲ್ಲಿದೆ.
ಏಳನೇ ತೂಬಿನ ಕೆಳಗೆ ಅವಳು ಗುತ್ತಿಗೆಗೆ ಹಿಡಿದ ಹತ್ತು ಗುಂಟೆಗೆ
ಶುಕ್ರವಾರ ರಾತ್ರಿ, ಅರ್ಧ ಗಂಟೆ.

ತನ್ನ ಊರಿಂದ ತಂದಿದ್ದಳು ನೀಲಿ ಹೂವಿನ ಬೀಜ.
ಅಲ್ಲಿ ಗುಡ್ಡದ ಮೇಲೆಲ್ಲ ಅದೇ ಅಂತೆ,
ಜೇನುಹುಳಕ್ಕೆ ಹುಚ್ಚು ಹಿಡಿಯುತ್ತಂತೆ.
ಇಲ್ಲಿ ನಾಲೆ ನೀರು ಕುಡಿದು ಗೇಣುದ್ದ ಎದ್ದು
ಬೇರು ಕೊಳೆತು ಮಲಗಿತು.
ಮೂರು ವರ್ಷ, ಮೂರು ಸಲ.
ನಾಲ್ಕನೇ ವರ್ಷ ಬರೀ ಪಾತಿಯ ಮುಂದೆ
ಕೈ ಮಣ್ಣು ಮಾಡಿಕೊಳ್ಳದೆ ಕೂತಿದ್ದಳು.

ನಿಂಗಾಜಿ ಹಿತ್ತಲಿಂದ ಮರುಗದ ಕಡ್ಡಿ ಕಿತ್ತು ಕೊಟ್ಟಳು.
ಮೂಸಿದಳು. ಮತ್ತೆ ಮೂಸಿದಳು.
‘ಇದು ನಮ್ಮಜ್ಜಿಯ ಸಾರು’ ಅಂದಳು.
ಅವರ ಕಡೆ ಮರುಗವನ್ನು ಸಾರಿಗೆ ಹಾಕುತ್ತಾರಂತೆ!
‘ಮುಡಿಯೋದ್ನ ಮಡಕೆಗೆ ಹಾಕರಾ?’
ನಿಂಗಾಜಿ ನಕ್ಕಿದ್ದು ಆಲೆಮನೆವರೆಗೂ ಕೇಳಿಸಿತು.
ಆ ರಾತ್ರಿ ನಮ್ಮನೆ ಹುರುಳಿ ಸಾರಿನಲ್ಲಿ
ಏನೋ ಒಂದು ಎಲೆ ತೇಲುತ್ತಿತ್ತು.
ನಾನು ಕೇಳಲಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ನಾಯಿಗಳ ಕತೆ ಬೇರೆ.
ಜೊತೆಗೆ ಬಂದದ್ದು ಒಂದೇ, ಉದ್ದ ಕಿವಿಯ ಮುದುಕ, ಬಾಸ್ಕೋ.
ಮೊದಲ ಬೇಸಿಗೆಯೆಲ್ಲ ಕಾಲುವೆಯಲ್ಲಿ
ಎಮ್ಮೆಗಳ ಪಕ್ಕ ಕತ್ತುಮಟ್ಟ ಕೂತಿತ್ತು,
ಎಮ್ಮೆಗಳೂ ಸ್ವಲ್ಪ ಸರಿದು ಜಾಗ ಕೊಟ್ಟಿದ್ದವು.
ಆಮೇಲೆ ಸೇರಿಕೊಂಡವು
ಹಾಲಿನ ಡೈರಿ ಹತ್ತಿರದ ಕುಂಟಿ,
ಕಬ್ಬಿನ ಲಾರಿಗೆ ಸಿಕ್ಕು ಬದುಕಿದ ಕೆಂದ,
ಯಾರೋ ಗೊಬ್ಬರದ ಚೀಲದಲ್ಲಿ ಕಟ್ಟಿ ಬಿಸಾಕಿದ ಮೂರು ಮರಿ.
ಕುಂಟಿಗೆ ಈಗ ಎರಡು ಭಾಷೆ.
ಬಾ ಅಂದರೂ ಬರುತ್ತೆ, ವ್ಯಾ ಅಂದರೂ ಬರುತ್ತೆ.
ಹಚಾ ಅಂದರೆ ಮಾತ್ರ ಹಿಂದೆ ತಿರುಗಿ ನೋಡುತ್ತೆ,
ಯಾರಿಗಪ್ಪಾ ಹೇಳಿದ್ದು ಅನ್ನೋ ಹಾಗೆ.

ವರ್ಷಕ್ಕೊಂದು ಸಲ ಮಂಡ್ಯದ ಆಫೀಸಿಗೆ ಹೋಗಿ
ಕಾಗದ ತೋರಿಸಿ ಬರಬೇಕು.
‘ಇನ್ನೆಷ್ಟು ದಿನ ಇರ್ತೀರಿ?’ ಕೇಳುತ್ತಾರೆ.
‘ನಾಯಿ ಇರೋವರೆಗೆ’ ಅನ್ನುತ್ತಾಳೆ.
ನಕ್ಕು ಮೊಹರು ಒತ್ತಿ ಕಳಿಸುತ್ತಾರೆ.

ಆಷಾಢದಲ್ಲಿ ಬಾಸ್ಕೋ ಹೋಯಿತು.
ತೆಂಗಿನ ಬುಡದಲ್ಲಿ ಗುಂಡಿ ತೋಡಿದವನು ನಾನೇ.
ಮಣ್ಣೆಳೆದ ಮೇಲೆ ಎರಡು ಕಡ್ಡಿ ಮರುಗ ನೆಟ್ಟಳು,
ಚೊಂಬಲ್ಲಿ ನೀರು ಹುಯ್ದಳು.
ಇನ್ನು ಹೊರಡುತ್ತಾಳೆ ಅಂದುಕೊಂಡೆವು.
ಅವಳು ಟೊಮೊಟೊ ಸಸಿಗೆ ಕಡ್ಡಿ ಕಟ್ಟುತ್ತಿದ್ದಳು.

ಆ ವರ್ಷ ಕಟ್ಟು ನೀರು.
ಶುಕ್ರವಾರ ರಾತ್ರಿ, ಡೈರಿ ಅಧ್ಯಕ್ಷರ ಗದ್ದೆಗೆ
ಹತ್ತು ನಿಮಿಷ ಜಾಸ್ತಿ ತಿರುಗಿಸಿದ್ದೆ.
ಯಾಕೆ ಅಂತ ಕೇಳಬೇಡಿ.
ಬದುವಿನ ಮೇಲೆ ಬ್ಯಾಟರಿ ಬೆಳಕು,
ಅದರ ಹಿಂದೆ ಐದು ಜೊತೆ ಕಣ್ಣು.
ಆರು ವರ್ಷದಿಂದ ದಯವಿಟ್ಟು, ಧನ್ಯವಾದ ಅಂತ
ನಮ್ಮೂರಲ್ಲಿ ಯಾರೂ ಆಡದ ಮಾತು ಆಡುತ್ತಿದ್ದವಳು
ಸೊಂಟಕ್ಕೆ ಕೈಯಿಟ್ಟು ನಿಂತಳು:
‘ಏನ್ಲಾ ದ್ಯಾವ, ನನ್ ಸರದಿ ನೀರ್ನ ಯಾವನ್ಗ್ಲಾ ಕಟ್ದೆ?
ನಿನ್ ಮನೆ ಎಕ್ಕುಟ್ಟೋಗ!’

ಸರದಿಯ ರಕಾರ ಮಾತ್ರ
ಗಂಟಲೊಳಗೆ ಒಂದು ಸುತ್ತು ಹಾಕಿ ಬಂತು.
ಮಿಕ್ಕಿದ್ದೆಲ್ಲ ನಮ್ಮತ್ತೆ ಬೈದ ಹಾಗೇ.

ಹಲಗೆ ಎತ್ತಿದೆ.
ನೀರು ಮರುಗದ ಪಾತಿ ಮುಟ್ಟೋ ಮೊದಲು
ತೆಂಗಿನ ಬುಡದಲ್ಲಿ ಒಂದು ಗಳಿಗೆ ನಿಂತಿತು,
ಮೆತ್ತಗಿನ ಮಣ್ಣೊಳಗೆ ಗುಳುಗುಳು ಇಳಿಯಿತು.
ಕುಂಟಿ ಹೋಗಿ ಅಲ್ಲೇ ನೆಕ್ಕಿ ಕುಡಿಯಿತು.

ಓದಿಲ್ಲಮ್ಮ ಗಡಿಯಾರ ನೋಡಿಕೊಂಡಳು.
‘ಇನ್ನೂ ಹತ್ನಿಮಿಸ ಬಾಕಿ ಅದೆ’ ಅಂದಳು.