ಕೆಳಗಿನ ಮಜಲಿನಾಗ ಯಾರದಾರ

ಎರಡನೇ ಪಾಳಿ ಮುಗಿಸಿ, ಕಿವಿಯೊಳಗ ಇನ್ನೂ ಮಗ್ಗ ಬಡೀತಿರತಾವ,
ಅಂಬಾದಾಸನ ಝೆರಾಕ್ಸ್ ಅಂಗಡಿ ಹಿಂದಿನ ಖೋಲಿಗೆ ಬಂದು ಕೂಡತೀನಿ.
ಲ್ಯಾಪ್‌ಟಾಪಿನ ಕೀಲು ಮುರದದ, ಟವೆಲ್ಲಿನ ಅಂಚಿನಿಂದ ಕಟ್ಟೀನಿ.
ಹೆಂಡತಿ ಅಂತಾಳ, ನಲವತ್ತರ ಹತ್ರ ಬಂದಿ, ಇನ್ನೂ ಆಟ ಏನು.
ಆಟ ಖರೆ. ಆದ್ರ ನನಗ ಅದರ ಬಗ್ಗೆ ಅಭಿಪ್ರಾಯ ಅವ.
ಕೇಳೋರಿಲ್ಲ ಅಷ್ಟ.

ದೊಡ್ಡ ರೋಲ್‌ಪ್ಲೇ ಆಟ ತಗೋ. ನೂರಾ ಇಪ್ಪತ್ತು ತಾಸು.
ಆಕಾಶ ಹರದು ಬೀಳಲಿಕತ್ತದ, ಊರ ಗೌಡ ಅಂತಾನ
ಮೊದಲ ನನ್ನ ಆಡು ಹುಡುಕಿ ಕೊಡು.
ಮಂದಿ ನಗತಾರ. ನಾ ನಗಂಗಿಲ್ಲ.
ಗಿರಣಿ ಮುಚ್ಚಿದ ದಿನ ಅಪ್ಪನ ಬೆರಳು ಹಿಡದು ನಿಂತಿದ್ದೆ,
ಎಲ್ಲಾರೂ ಗೇಟಿನ ಮ್ಯಾಲಿನ ಚೀಟಿ ಓದತಿದ್ರು,
ಲಾಲಸಾಬ ಕೇಳಿದ್ದು ಒಂದ ಮಾತು:
ಒಳಗ ನನ್ನ ಬುತ್ತಿ ಡಬ್ಬಿ ಉಳದದ, ಯಾರರ ತರತೀರೇನು?
ಆಡು ಖರೆ.
ಆಕಾಶದ್ದು ಬರೇ ಗ್ರಾಫಿಕ್ಸು.

ಆದ್ರ ಆ ಮಾತಿನ ಪಟ್ಟಿ ಸೇರಂಗಿಲ್ಲ ನನಗ.
ಮೂರು ಉತ್ತರ ಕೊಡತಾರ, ಮೂರೂ ಒಂದ ಬಾಗಲಿಗೆ ಒಯ್ತಾವ.
ಸಾತ್ ರಸ್ತಾದಾಗ ನಿಂತಂಗ, ಯಾ ಕಡೆ ತಿರುಗಿದ್ರೂ ರಿಕ್ಷಾ.
ಅದಕ್ಕೂ ಮೊದಲ ಕೇಳತದ, ಭಾಷಾ ಆರಿಸು.
ಕೆಳಗ, ಇನ್ನೂ ಕೆಳಗ ಹೋಗತೀನಿ. ಪೋಲಿಷ್ ಅದ, ಕೊರಿಯನ್ ಅದ.
ಮರಾಠೀನೂ ಇಲ್ಲಲ್ಲೋ, ಅಂತ ಸಮಾಧಾನ ಮಾಡತಾನ ಅಂಬಾದಾಸ,
ಮನಿಯೊಳಗ ತೆಲುಗು ಆಡಾಂವ.

ಇನ್ನ ಧಂದೆ ಮಾತು.
ಕತ್ತಿ ಒಂದು ರೇಟು, ಹಿಡಿಕಿ ಇನ್ನೊಂದು ರೇಟು.
ಮುಚ್ಚಿದ ಪೆಟಿಗಿ ಮಾರತಾರ, ಒಳಗೇನದ ಹೇಳಂಗಿಲ್ಲ.
ಮಟಕಾ ಬರಿಯಾಂವನ ಮನಿಗೆ ಪೊಲೀಸರು ಬರತಾರ,
ಇವರ ಮನಿಗೆ ಬಹುಮಾನ.
ನಾವೂ ಮಾಲು ಮಾಡೋ ಮಂದಿನ.
ಟವೆಲ್ ಈಗ ಒಯ್ಯಿ, ಅಂಚು ಮುಂದಿನ ತಿಂಗಳಾ ಬರತದ
ಅಂತ ಯಾವ ಗಿರಾಕಿಗೂ ಅಂದಿಲ್ಲ.
ಅಂಬಾದಾಸನ ಮಗಳು ತನುಜಾ ದೀಪಾವಳಿ ರೊಕ್ಕದಾಗ ನೀಲಿ ಕುದುರಿ ಕೊಂಡಳು,
ಮಾರ್ಚಿನಾಗ ಕಂಪನಿ ಸರ್ವರ್ ಆರಿಸ್ತು.
ಕುದುರಿ ಎಲ್ಲಿ ಹೋತು ಕಾಕಾ, ಅಂತ ನನ್ನ ಕೇಳತದ ಕೂಸು.
ಆ ಮುಚ್ಚಿದ ಗಿರಣಿಯ ಚಾದರ ಇವತ್ತಿಗೂ ಹೊದಕೋತೀನಿ.
ಬೀಗ ಹಾಕಿದ ರಾತ್ರಿ ಯಾರೂ ಬಂದು
ಮೈಮ್ಯಾಲಿಂದ ಎಳಕೊಂಡು ಹೋಗಲಿಲ್ಲ.
ಮತ್ತ, ಆಟ ಗೆದ್ದ ವಾರನ
ಅದನ್ನ ಮಾಡಿದ ಮುನ್ನೂರು ಮಂದಿನ ತಗದ್ರಂತ.
ಆ ಚೀಟಿ ನನಗ ಓದಲಿಕ್ಕೆ ಬರತದ, ಯಾವ ಭಾಷಾದಾಗಿದ್ರೂ.

ಅದಕ್ಕ ರೋಗ್‌ಲೈಕಿಗೆ ಬಂದೆ. ಚಿತ್ರ ಇಲ್ಲ.
ಕರೀ ಪರದೆ, ಮ್ಯಾಲ ಅಕ್ಷರ.
ಚುಕ್ಕಿ ಅಂದ್ರ ನೆಲ. ಇ-ಮೇಲಿನ ನಡುವ ಇರತದಲ್ಲ ಸುರುಳಿ, ಅದು ನಾನು.
ಸತ್ತರ ಸತ್ತಿ. ಸೇವ್ ಇಲ್ಲ, ಅಪೀಲಿಲ್ಲ.
ಮತ್ತ ಬಂದ್ರ ಗೋಡಿ ಬ್ಯಾರೆ, ಬಾಗಲಾ ಬ್ಯಾರೆ,
ನಿನ್ನೆ ಔಷಧ ಆಗಿದ್ದ ಹಸರು ಶೀಷೆ ಇವತ್ತ ವಿಷ.
ಕೈಯಾಗ ಏನೂ ಉಳಿಯಂಗಿಲ್ಲ, ತಲಿಯಾಗ ಉಳೀತದ.
ಅಂಬಾದಾಸ ಬಾಗಲಿಗೊಮ್ಮೆ ಸೇವ್ ಮಾಡಾಂವ, ಭಾಳ ಬೈದೀನಿ ಅವಗ.
ಬೈದಾಂವ ನಾನ, ಹದಿನಾಲ್ಕನೇ ಮಜಲಿನಾಗ ಒಮ್ಮೆ
ಫೈಲು ಪೆನ್‌ಡ್ರೈವಿನಾಗ ಬಚ್ಚಿಟ್ಟು ಗೆದ್ದೆ.
ಮೂರು ವರ್ಷಾತು. ಹೇಳಿದ್ದು ಇವತ್ತ.

ಈಗ ನಾವ ಒಂದು ಮಾಡಲಿಕತ್ತೀವಿ, ಚಲನ್ ಹಾಳಿ ಹಿಂದ, ಕನ್ನಡ ಅಕ್ಷರದ್ದು.
ಅಂಬಾದಾಸ ಆಕಾರ ನೋಡಿ ಹೇಳತಾನ:
ಳ ಹಾವು. ಝ ಕಾಲು ಭಾಳ, ಅದು ಜರಿ.
ಠ ಗಡಿಗಿ, ಒಳಗೊಂದು ರತ್ನ ಕಾಣತದ ನೋಡು.
ಛ ಅಂಗಡಿಯಾಂವ, ಯಾವ ರೇಟು ಹೇಳಿದ್ರೂ ಛ ಅಂತಾನ.
ತಳದ ಮಜಲಿನ ರಾಕ್ಷಸ ಯಾರು ಅಂತ ಎರಡು ರಾತ್ರಿ ಜಗಳಾತು.
ಆಮ್ಯಾಲ ನೆನಪಾತು, ಕನ್ನಡ ಸಾಳಿ, ಮೂರನೇ ಇಯತ್ತಾ, ಗೋಡಿ ಮ್ಯಾಲಿನ ತಕ್ತೆ.
ಎಲ್ಲಾ ಅಕ್ಷರಕ್ಕೂ ಒಂದೊಂದು ಚಿತ್ರ, ಎರಡಕ್ಕ ಇರಲಿಲ್ಲ.
ಒಂದಕ್ಕ ಜ್ಞಾನದ ಕೆಳಗ ಒಂದು ಮೂಲಿ ಸಿಕ್ಕದ.
ಇನ್ನೊಂದನ್ನ ಯಾವ ಶಬ್ದಾನೂ ಕೆಲಸಕ್ಕ ಕರದಿಲ್ಲ,
ಬಾಯಿಪಾಠದಾಗ ದಿನಾ ಹಾಜರಿ ಹಾಕತಿತ್ತು, ಸುಮ್ಮ.

ಙ

ಇಪ್ಪತ್ತಾರನೇ ಮಜಲಿನಾಗ ಕುಂತದ ಈಗ.
ಹೊಡಿಯಂಗಿಲ್ಲ ಅದನ್ನ. ಸರಿಯಾಗಿ ಕರದ್ರ ಎದ್ದು ದಾರಿ ಬಿಡತದ.
ಅಂಬಾದಾಸ ಕಣ್ಣು ಮುಚ್ಚಿ ಮೂಗಿನಿಂದ ಪ್ರಯತ್ನ ಮಾಡತಾನ,
ನಾನೂ ಮಾಡತೀನಿ.
ಹೊರಗ ಮೊದಲ ಪಾಳಿ ಭೋಂಗಾ ಆತು,
ಅದ ನಮಗಿಂತ ಹತ್ರ ಬಂತು.