ಹೊರಡುವ ತಾರೀಕು

ಹನ್ನೊಂದು ದಿನ ನಾನು ಶರ್ಮಿಳಾ ಆಗಿದ್ದೆ.
ನನ್ನ ಹೆಸರಿನ ಬಿಲ್ಲೆ ಅಚ್ಚಾಗಿ ಬಂದಿರಲಿಲ್ಲ.
ಮಸ್ಕತ್ತಿಗೆ ಹೋದವಳದ್ದೊಂದು ಡ್ರಾಯರಿನಲ್ಲಿತ್ತು.
"ಸದ್ಯ ಇದನ್ನೇ ಚುಚ್ಚಿಕೊ, ಯಾರು ಓದ್ತಾರೆ" ಎಂದರು
ಹಿಲ್ಡಾ ಮೊಂತೇರೊ,
ಫಳ್ನೀರಿನ ಈ ಮೂರು ಮಹಡಿಯ ಹೋಟೆಲಿನಲ್ಲಿ
ಇಪ್ಪತ್ತಾರು ವರ್ಷ ಬಾಗಿಲಿಗೆ ಮುಖ ಮಾಡಿ ನಿಂತವರು.

ಮೊದಲ ಪಾಠ ನಿಲ್ಲುವುದು.
ಕೌಂಟರಿಗೆ ಒರಗಬಾರದು.
ಬಾಗಿಲ ಸದ್ದಿಗೆ ತಲೆ ಎತ್ತಬೇಕು, ಕೈಯ ಕೆಲಸ ಅಲ್ಲಿಗೇ ಬಿಡಬೇಕು.
ಬಂದವರ ಚಪ್ಪಲಿ ನೋಡಬಾರದು.
ನೋಡಿದರೂ ನೋಡಿದ್ದು ಗೊತ್ತಾಗಬಾರದು.

ಆಮೇಲೆ ಬಾಯಿ.
ತುಳುವಿನವರು ರೂಮ್ ಉಂಡಾ ಅನ್ನುತ್ತಾರೆ,
ಕಾಸರಗೋಡಿನವರು ಉಂಡೋ,
ಹಿಲ್ಡಾ ಬಾಯಿಯ ಇಗರ್ಜಿಯವರು ಆಸಾ,
ಘಾಟಿ ಇಳಿದು ಬಂದವರು ಇದ್ಯಾ.
ಎಲ್ಲರಿಗೂ "ಉಂಟು" ಅಂದರೆ ಸಾಕು.
ಇಲ್ಲದಿದ್ದರೆ?
"ಇಲ್ಲದಿದ್ದರೂ ಮೊದಲು ಕೂತ್ಕೊಳ್ಳಿ ಅನ್ನು,
ನೀರು ಕೊಡು, ಮತ್ತೆ ಇಲ್ಲ ಅನ್ನು.
ಬಾಯಾರಿದವನಿಗೆ ಇಲ್ಲ ಅಂದರೆ
ಅದು ಎರಡು ಇಲ್ಲ, ಮಾರಾಯ್ತಿ."

ಹೇಳದೆ ಬಂದವನು ವಾಕ್-ಇನ್,
ಬರುತ್ತೇನೆಂದು ಬಾರದವನು ನೋ-ಶೋ.
ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಹೆಸರು, ಸಂಜೀವ ಮಾಮ.
204ರ ಎ.ಸಿ. ಸೋರುತ್ತದೆ, ಸಿಟ್ಟಿನವರಿಗೆ ಕೊಡಬೇಡ.
109 ಲಿಫ್ಟಿನ ಪಕ್ಕ, ಕಿವಿ ಮಂದವಾದವರಿಗೆ ಅಡ್ಡಿಯಿಲ್ಲ.
313 ಇಲ್ಲ, 312ಎ ಉಂಟು,
ಅದರಲ್ಲಿ ಮಲಗುವವರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ರಾತ್ರಿ ಪಾಳಿಯಲ್ಲಿ ತಿಳಿದದ್ದು ಬೇರೆ.
ಹನ್ನೆರಡು ಹೊಡೆದರೆ ಇಲ್ಲಿ ದಿನ ಮುಗಿಯುವುದಿಲ್ಲ.
ಬಿಲ್ಲುಗಳ ಲೆಕ್ಕ ತಾಳೆಯಾಗಿ
ಒಂದು ಬಟನ್ ಒತ್ತಿದ ಮೇಲೆಯೇ ಹೋಟೆಲಿನ ತಾರೀಕು ತಿರುಗುವುದು.
ಹೊರಗೆ ಬುಧವಾರವಾಗಿ ಎರಡೂವರೆ ಗಂಟೆ,
ಕಂಕನಾಡಿ ಕಡೆಯಿಂದ ಮೊದಲ ಮೀನಿನ ಟೆಂಪೊ.
ಒಳಗೆ, ಏಳು ರೂಪಾಯಿ ವ್ಯತ್ಯಾಸ ಸಿಗದೆ,
ಇಡೀ ಮಂಗಳವಾರವನ್ನು ನಾನು ಹಿಡಿದು ಕೂತಿದ್ದೆ.

ಅಂಥ ಹೊತ್ತಿನಲ್ಲೇ ಅವರು ಬಂದದ್ದು, ನನ್ನ ಐದನೆಯ ರಾತ್ರಿ.
ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಎಕ್ಸ್‌ರೇ ಕವರು.
ರಿಜಿಸ್ಟರಿನಲ್ಲಿ ಒತ್ತಿ ಒತ್ತಿ ಬರೆದರು:
ಹೆಸರು, ಜವರಯ್ಯ.
ಊರು, ಸಕಲೇಶಪುರದ ಹತ್ತಿರ.
ಬಂದ ಉದ್ದೇಶ, ಹೆಂಡತಿ.
ಹೊರಡುವ ತಾರೀಕು...
ಪೆನ್ನು ನಿಂತಿತು.
"ಇಲ್ಲೇನ್ ಬರೀಲವ್ವ?"

ಕಂಪ್ಯೂಟರು ಆ ಮನೆ ಖಾಲಿ ಬಿಡಲು ಒಪ್ಪುವುದಿಲ್ಲ,
ಪಕ್ಕದಲ್ಲೇ ಒಂದು ಕೆಂಪು ನಕ್ಷತ್ರ.
ಒಳಕೋಣೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿಯೇ ಹಿಲ್ಡಾ ಬಾಯಿ ಹೇಳಿದರು,
"ನಾಳೆ ಅಂತ ಹಾಕು.
ನಾಳೆ ಪುನಃ ನಾಳೆ ಅಂತ ಹಾಕು."

ಆರು ರಾತ್ರಿ ಹಾಗೆ.
ಹೋಟೆಲಿನ ತಾರೀಕು ತಿರುಗಿಸಿ
ಜವರಯ್ಯನವರದ್ದನ್ನು ಒಂದು ದಿನ ಮುಂದಕ್ಕೆ ದೂಡುತ್ತಿದ್ದೆ.
ಬಿಸಿನೀರು ತುಂಬಿಸಲು ಅವರು ಇಳಿದು ಬರುತ್ತಿದ್ದರು,
ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.
ಒಮ್ಮೆ ಮಾತ್ರ, "ನಿಮ್ಮೂರಲ್ಲಿ ಸೆಕೆ ಜಾಸ್ತಿ" ಅಂದರು.

ಹನ್ನೊಂದನೆಯ ಬೆಳಗ್ಗೆ, ಇನ್ನೂ ಕತ್ತಲು,
ಕೀ ತಂದಿಟ್ಟರು, ಚಿಲ್ಲರೆಯನ್ನು ಹಾಗೇ ಬಿಟ್ಟರು.
ವಾಸ ಹೇಗಿತ್ತು ಎಂದು ಕೇಳುವ ಹಳದಿ ಚೀಟಿಯನ್ನು
ನಾನು ಕೊಡಲಿಲ್ಲ.
ಹೊರಗೆ ಯಾವುದೋ ಗಾಡಿ ಇಂಜಿನ್ ಆರಿಸದೆ ಕಾಯುತ್ತಿತ್ತು.
ಬಂದವರ ಚಪ್ಪಲಿ ನೋಡಬಾರದು;
ಹೋಗುವವರು ಹತ್ತುವ ಗಾಡಿಯನ್ನೂ
ನೋಡಬಾರದೆಂದು ನಾನೇ ಸೇರಿಸಿಕೊಂಡೆ.
ಅವರು ಬಾಗಿ, ಕಣ್ಣು ಕಿರಿದು ಮಾಡಿ,
ನನ್ನ ಎದೆಯ ಬಿಲ್ಲೆಯನ್ನು ಅಕ್ಷರ ಅಕ್ಷರವಾಗಿ ಓದಿದರು:
"ಶರ್ಮಿಳಮ್ಮ, ಬರ್ತೀನಿ."

ಆ ಮಧ್ಯಾಹ್ನವೇ ನನ್ನದು ಬಂತು, ಹೊಸತು, ಹೊಳೆಯುವಂಥದ್ದು.
ಹಳೆಯದನ್ನು ಒರೆಸಿ ಡ್ರಾಯರಿಗೆ ಹಾಕಬೇಕಿತ್ತು.
ಕೋಟಿನ ಕಿಸೆಯಲ್ಲೇ ಇಟ್ಟುಕೊಂಡಿದ್ದೇನೆ.
ಬರ್ತೀನಿ ಅಂದಿದ್ದಾರಲ್ಲ.